ಕೆಂಪು ಬಂದ ಒಂಬತ್ತು ದಿನ

ನಮ್ಮ ಆಸ್ಪತ್ರೆಯ ಯುವಿ ದೀಪ ಎಷ್ಟು ಜೋರು ಎಂದರೆ, ಒಮ್ಮೆ ಕೋಣೆಯೊಳಗೆ ಸಿಕ್ಕಿಬಿದ್ದ ಜಿರಳೆಯೊಂದು ಹನ್ನೆರಡು ನಿಮಿಷ ಕಳೆದು ಹೊರಗೆ ಬರುವಾಗ ಬೆಳ್ಳಗಾಗಿ ಹೋಗಿತ್ತು. ಸ್ವಂತ ಹೆಂಡತಿಗೇ ಗುರುತು ಸಿಗದೆ ಪಾಪ ಮೂರು ದಿನ ಲಿಫ್ಟಿನ ಹತ್ತಿರ ಒಂಟಿಯಾಗಿ ಕುಳಿತಿತ್ತು. ಇದನ್ನು ನಾನು ಕ್ಯಾಂಟೀನಿನಲ್ಲಿ ಹೇಳಿದಾಗ ಎಲ್ಲರೂ ನಂಬಿದರು, ಅಥವಾ ನಂಬಿದವರ ಹಾಗೆ ಚಹಾ ಕುಡಿದರು. ಆದರೆ ಮುನ್ನೂರ ಆರನೇ ಕೋಣೆಗೆ ನಾನು ಪೂರ್ತಿ ಹನ್ನೆರಡು ನಿಮಿಷ ದೀಪ ಹಾಕಿದ್ದೇನೆ ಎಂದು ಹೇಳಿದಾಗ ಒಬ್ಬರೂ ನಂಬಲಿಲ್ಲ. ನನ್ನ ಸಂಕಟ ಅದು.

ನನ್ನ ಹೆಸರು ಮುದ್ದು. ಕಾಟಿಪಳ್ಳದಿಂದ ಎರಡು ಬಸ್ಸು ಹಿಡಿದು ಕದ್ರಿಯ ಆಸ್ಪತ್ರೆಗೆ ಬರುತ್ತೇನೆ. ಮೂರನೇ ಮಾಳಿಗೆಯ ಹೌಸ್‌ಕೀಪಿಂಗ್ ನನ್ನದು. ರೋಗಿ ಡಿಸ್ಚಾರ್ಜ್ ಆಗಿ ಹೋದ ಮೇಲೆ ಕೋಣೆ ಗುಡಿಸಿ, ಒರೆಸಿ, ಮಂಚ ತೊಳೆದು, ಕೊನೆಗೆ ಆ ದೀಪವನ್ನು ತಳ್ಳಿಕೊಂಡು ಹೋಗಿ ನಡುವೆ ನಿಲ್ಲಿಸಬೇಕು. ನನ್ನಷ್ಟೇ ಎತ್ತರದ ಕಂಬ, ಸುತ್ತ ಎಂಟು ಟ್ಯೂಬು, ಕೆಳಗೆ ನಾಲ್ಕು ಚಕ್ರ. ಒಳಗೆ ಮನುಷ್ಯರು ಇರಬಾರದು, ಕಣ್ಣೂ ಚರ್ಮವೂ ಸುಡುತ್ತದೆ. ಹಾಗಾಗಿ ಬಾಗಿಲು ಹಾಕಿ ಹೊರಗಿನಿಂದ ಸ್ವಿಚ್ಚು ಒತ್ತುವುದು. ಬಾಗಿಲಿನ ಗಾಜಿನಲ್ಲಿ ನೀಲಿ ಬೆಳಕು ಕಾಣುತ್ತದೆ. ಆ ನೀಲಿ ಬರೀ ತೋರಿಕೆಗಂತೆ. ಕ್ರಿಮಿ ಕೊಲ್ಲುವ ಬೆಳಕು ಬೇರೆಯೇ ಉಂಟಂತೆ, ಅದು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲವಂತೆ.

ಆ ಮಿಷನ್ನಿನ ಕೀ ನನ್ನ ಸೊಂಟದಲ್ಲಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅಂಥ ಕೀ ಸಿಗುವುದೆಂದರೆ ಸಣ್ಣ ವಿಷಯವಲ್ಲ. ನನ್ನ ಹೆಂಡತಿ ನೆರೆಕರೆಯಲ್ಲಿ ನಮ್ಮವರದ್ದು ಲೈಟಿನ ಡಿಪಾರ್ಟ್‌ಮೆಂಟು ಎಂದು ಹೇಳಿಕೊಳ್ಳುತ್ತಿದ್ದಳು.

ಮೊದಲು ಇದಕ್ಕೊಂದು ರಿಜಿಸ್ಟರ್ ಇತ್ತು. ದೀಪ ಹಾಕಿದ ಮೇಲೆ ಕೋಣೆಯ ನಂಬರಿನ ಮುಂದೆ ಟಿಕ್ ಹಾಕಿದರೆ ಮುಗಿಯಿತು. ಆ ಕಾಲದಲ್ಲಿ ನಾನು ಒಂದೆರಡು ಸಲ ದೀಪ ಹಾಕದೆಯೇ ಟಿಕ್ ಹಾಕಿದ್ದುಂಟು. ಸುಳ್ಳು ಹೇಳುವುದಿಲ್ಲ, ನಾಲ್ಕೈದು ಸಲ. ಆಮೇಲೆ ಮಗ್ದಲೀನ್ ಸಿಸ್ಟರ್ ಬಂದರು. ಕುವೈತಿನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ಈಗ ನಮ್ಮಲ್ಲಿ ಸೋಂಕು ಹರಡದ ಹಾಗೆ ನೋಡಿಕೊಳ್ಳುವ ಇನ್‌ಚಾರ್ಜು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಶಬ್ದ ಕೇಳಿದರೆ ಫಿನಾಯಿಲ್ ತಾನಾಗಿಯೇ ಬಕೆಟಿಗೆ ಬೀಳುತ್ತದೆ. ಅವರು ರಿಜಿಸ್ಟರ್ ಮುಚ್ಚಿಸಿ ಗೋಡೆಗೆ ಸೆನ್ಸರ್ ಹಾಕಿಸಿದರು.

ಸೆನ್ಸರ್ ಎಂದರೆ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ. ಮುಂದೆ ಅಂಗಿಯ ಗುಂಡಿಯಷ್ಟು ಒಂದು ಕಣ್ಣು. ಒಂದೊಂದು ಕೋಣೆಗೆ ಮೂರು: ಮಂಚದ ತಲೆಯ ಕಡೆ ಒಂದು, ಕಿಟಕಿಯ ಪಕ್ಕ ಒಂದು, ಬಾತ್‌ರೂಮಿನ ಬಾಗಿಲಿನ ಮೇಲೆ ಒಂದು. ವೈರು ಇಲ್ಲ. ದೀಪದ ಬೆಳಕು ತನಗೆ ಎಷ್ಟು ಸಿಕ್ಕಿತು ಎಂದು ಡಬ್ಬಿಯೇ ಲೆಕ್ಕ ಹಿಡಿದು, ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ. ನರ್ಸುಗಳು ಕೂರುವಲ್ಲಿ ಸಿಸ್ಟರಿನ ಟ್ಯಾಬಿನಲ್ಲಿ ಕೋಣೆಯ ನಂಬರು ಹಸಿರಾಗುತ್ತದೆ. ಸಾಲದಿದ್ದರೆ ಕೆಂಪು. ಕೆಂಪು ಬಂದರೆ ಕೋಣೆ ರೋಗಿಗೆ ಕೊಡುವ ಹಾಗಿಲ್ಲ. ನಾನೂ ನನ್ನ ಜೊತೆಯ ರೈಹಾನಾಳೂ ಪುನಃ ಬ್ಲೀಚಿಂಗ್ ನೀರಿನಲ್ಲಿ ಮೂಲೆ ಮೂಲೆ ಕೈಯಲ್ಲೇ ಉಜ್ಜಬೇಕು. ಅಷ್ಟರಲ್ಲಿ ಕೆಳಗೆ ಕ್ಯಾಶುವಾಲ್ಟಿಯಲ್ಲಿ ಸ್ಟ್ರೆಚರು ಸಾಲು ನಿಂತಿರುತ್ತದೆ, ಬೆಡ್ ಎಲ್ಲಿ ಎಂದು ಫೋನಿನ ಮೇಲೆ ಫೋನು.

ಡಬ್ಬಿ ಹಾಕಲು ಬಂದವನು ಶೆರ್ವಿನ್, ಕೊಟ್ಟಾರದ ಒಂದು ಕಂಪೆನಿಯವನು. ಮೂವತ್ತು ದಾಟಿದ ಮನುಷ್ಯ, ದುಬೈಯಲ್ಲಿ ಸಿಸಿಟಿವಿ ಕ್ಯಾಮರಾ ಹಾಕುತ್ತಿದ್ದವನು ಊರಿಗೆ ಬಂದು ಈ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ. ಒಳ್ಳೆಯ ಜನ. ನನ್ನನ್ನು ಅಂಕಲ್ ಎಂದು ಕರೆಯುತ್ತಿದ್ದ. ಜಿರಳೆಯ ಕಥೆ ಕೇಳಿ ಏಣಿಯ ಮೇಲೆಯೇ ನಕ್ಕು ಸ್ಕ್ರೂ ಬೀಳಿಸಿದವನು.

ಮೊದಲ ವಾರ ಎಲ್ಲ ಹಸಿರು. ನೋಡಿ ನೋಡಿ ನನಗೆ ಗದ್ದೆಯಲ್ಲಿ ನಿಂತ ಹಾಗೆ ಆಗುತ್ತಿತ್ತು. ಆಟಿ ತಿಂಗಳ ಮಳೆ ಹೊರಗೆ, ಗೋಡೆಯಲ್ಲಿ ಬೆವರು ಬಂದ ಹಾಗೆ ನೀರು. ಆ ವಾರದ ಕೊನೆಗೆ ಮುನ್ನೂರ ಎರಡರ ಡಬ್ಬಿಯೊಂದಕ್ಕೆ ಗೋಡೆ ತೊಳೆಯುವಾಗ ನೀರು ಹೋಗಿ ಅದು ಸತ್ತಿತು. ಶೆರ್ವಿನ್ ಬಂದು ಬೇರೆ ಹಾಕಿದ. ನೀರು ತಾಗದ ಹಾಗೆ ನೋಡಿಕೊಳ್ಳಿ ಅಂಕಲ್, ಮೇಲಿನವರು ನನಗೆ ಬಯ್ಯುತ್ತಾರೆ ಎಂದು ಬಹಳ ಹೇಳಿ ಹೋದ.

ಕಡಲ ಗಾಳಿಯ ಊರಿನವರಿಗೆ ಇದನ್ನು ಹೇಳಿಕೊಡಬೇಕಾ? ನಮ್ಮ ಮನೆಯಲ್ಲಿ ಟಿವಿಯ ರಿಮೋಟು ಹುಟ್ಟಿದಾಗಿನಿಂದ ಪ್ಲಾಸ್ಟಿಕ್ಕಿನೊಳಗೇ ಉಂಟು. ಬಿಟ್ಟರೆ ನಾನು ಹೆಂಡತಿಯನ್ನೂ ಮಳೆಗಾಲಕ್ಕೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಡುತ್ತಿದ್ದೆ, ತುಕ್ಕು ಹಿಡಿಯಬಾರದಲ್ಲ. ಕೆಳಗೆ ಫಾರ್ಮಸಿಯಲ್ಲಿ ಮಾತ್ರೆ ಹಾಕಿ ಕೊಡುವ ಸಣ್ಣ ಪ್ಲಾಸ್ಟಿಕ್ ಚೀಲ ಇರುತ್ತದಲ್ಲ, ನೀರಿನ ಹಾಗೆ ತಿಳಿ. ಅದರ ಒಂದು ಕಟ್ಟು ತಂದು ಮೂರನೇ ಮಾಳಿಗೆಯ ಎಲ್ಲ ಡಬ್ಬಿಗಳಿಗೂ ಅಂಗಿ ತೊಡಿಸಿದೆ. ಒಂದು ಸುಕ್ಕು ಇಲ್ಲ. ಹಿಂದೆ ರಬ್ಬರ್ ಬ್ಯಾಂಡು. ಕಣ್ಣು ಒಳಗಿನಿಂದ ಫಳಫಳ ಎನ್ನುತ್ತಿತ್ತು.

ಮಾರನೆಯ ದಿನದಿಂದ ಕೆಂಪು.

ಮೊದಲು ಮುನ್ನೂರ ಆರು. ಆಮೇಲೆ ಮುನ್ನೂರ ಒಂಬತ್ತು. ಸಂಜೆಯ ಒಳಗೆ ದೀಪ ಹಾಕಿದ ಮೂರು ಕೋಣೆಗೆ ಮೂರೂ ಕೆಂಪು. ಶೆರ್ವಿನ್ ಓಡಿ ಬಂದ. ವೈಫೈ ಎಂದ, ಲಿಫ್ಟಿನ ಮೋಟಾರು ಎಂದ, ನರ್ಸುಗಳ ಮೈಕ್ರೋವೇವ್ ಎಂದ. ಡಬ್ಬಿಗಳ ಸುದ್ದಿ ಹಿಡಿಯಲು ಕಾರಿಡಾರಿನ ಮಾಡಿನಲ್ಲಿದ್ದ ಪೆಟ್ಟಿಗೆ ಬದಲಿಸಿದ. ಗೋಡೆಯಲ್ಲಿ ಚೀಲ ನೋಡಿ ಒಳ್ಳೆಯದು ಮಾಡಿದಿರಿ ಅಂಕಲ್ ಎಂದು ಹೊಗಳಿದ ಸಹ. ಎರಡು ಡಬ್ಬಿಗಳನ್ನು ಚೀಲದಿಂದ ಬಿಚ್ಚಿ ಕೊಟ್ಟಾರದ ಆಫೀಸಿಗೆ ಒಯ್ದು, ಪರೀಕ್ಷೆ ಮಾಡಿ ತಂದು, ಏನೂ ತೊಂದರೆ ಇಲ್ಲ, ನೂರಕ್ಕೆ ನೂರು ಕೆಲಸ ಮಾಡುತ್ತಿದೆ ಎಂದು ವಾಪಸು ಹಾಕಿದ. ನಾನು ಪುನಃ ಚೀಲ ತೊಡಿಸಿದೆ.

ಡಬ್ಬಿ ಸರಿ ಉಂಟು, ಸುದ್ದಿಯೂ ಸರಿಯಾಗಿ ಬರುತ್ತದೆ, ಬೆಳಕು ಮಾತ್ರ ಸೊನ್ನೆ. ಹಾಗಾದರೆ ಉಳಿದದ್ದು ಯಾರು? ನಾನು.

ಮಗ್ದಲೀನ್ ಸಿಸ್ಟರ್ ನನ್ನನ್ನು ಕರೆಸಿದರು. ಬಯ್ಯಲಿಲ್ಲ. ಬೈದಿದ್ದರೆ ಸುಖವಿತ್ತು. ಮಿಷನ್ನಿನ ಮೀಟರಿನಲ್ಲಿ ದೀಪ ಉರಿದ ಗಂಟೆ ಉಂಟು, ಆದರೆ ಕೋಣೆಯಲ್ಲಿ ಬೆಳಕು ಇಲ್ಲ. ದೀಪವನ್ನು ಬಟ್ಟೆಯ ಸ್ಟೋರಿನಲ್ಲಿ ಉರಿಸಿಟ್ಟು ಕ್ಯಾಂಟೀನಿಗೆ ಹೋಗುತ್ತೀಯಾ ಎಂದು ಕೇಳಿದರು. ನಾನು ಕಟೀಲಿನ ದೇವಿ, ನಮ್ಮ ಕಟೀಲಪ್ಪೆಯ ಆಣೆ ಹಾಕಿದೆ.

"ಪಣಂಬೂರಿನಲ್ಲಿ ತಿಮಿಂಗಿಲದ ಬೆನ್ನಿನ ಮೇಲೆ ನಿಂತು ಬಲೆ ಬೀಸಿದ್ದೆ ಅಂತ ಹೇಳುವಾಗಲೂ ಅದೇ ಆಣೆ ಹಾಕಿದ್ದಿ ಮುದ್ದು" ಎಂದರು ಸಿಸ್ಟರ್.

ಅದು ಬೇರೆ, ಇದು ಬೇರೆ ಎಂದು ಅವರಿಗೆ ಹೇಗೆ ಬಿಡಿಸಿ ಹೇಳುವುದು? ರೈಹಾನಾಳನ್ನು ಸಾಕ್ಷಿಗೆ ಕರೆದೆ. ಅವಳು ನಿನ್ನ ಕಥೆಗೆ ಮೊದಲು ನಗುವವಳು, ಅವಳ ಸಾಕ್ಷಿ ಬೇಡ ಎಂದರು. ಮೊಬೈಲಿನಲ್ಲಿ ಬಾಗಿಲಿನ ಗಾಜಿನ ನೀಲಿ ಬೆಳಕಿನ ಫೋಟೋ ತೆಗೆದು ತೋರಿಸಿದೆ. ಇದು ಯಾವ ದಿನದ್ದೋ ಏನೋ ಎಂದರು. ಕೊನೆಗೆ ಇನ್ನೊಂದು ವಾರ ನೋಡುತ್ತೇನೆ, ಹೀಗೆಯೇ ಕೆಂಪು ಬಂದರೆ ಕೀ ರೈಹಾನಾಳಿಗೆ, ನೀನು ಕೆಳಗೆ ಲಾಂಡ್ರಿಗೆ ಎಂದು ತೀರ್ಮಾನ ಹೇಳಿದರು.

ಆ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಗಡಿಯಾರ ನೋಡಿಕೊಂಡು ಹನ್ನೆರಡಲ್ಲ, ಹದಿಮೂರು ನಿಮಿಷ ದೀಪ ಹಾಕಿದೆ. ಕೆಂಪು. ದೀಪವನ್ನು ಮಂಚಕ್ಕೆ ತಾಗಿಸಿ ಇಟ್ಟೆ. ಕೆಂಪು. ಡಬ್ಬಿಯ ಎದುರು ನಿಂತು ತುಳುವಿನಲ್ಲಿ ಸಮಾಧಾನವಾಗಿ ಮಾತಾಡಿಸಿದೆ, ಆಮೇಲೆ ಸಮಾಧಾನ ಇಲ್ಲದೆಯೂ ಮಾತಾಡಿಸಿದೆ. ಕೆಂಪು. ಪ್ರತಿ ಕೆಂಪಿಗೂ ನಾನೂ ರೈಹಾನಾಳೂ ಬ್ಲೀಚಿಂಗಿನ ಬಕೆಟು ಹಿಡಿದು ಉಜ್ಜಬೇಕು. ನನ್ನ ಬೆರಳಿನ ಗೆರೆಗಳೆಲ್ಲ ಅಳಿಸಿ ಹೋಗಿ ರೇಷನ್ ಅಂಗಡಿಯ ಮಿಷನ್ನು ನನ್ನನ್ನು ಗುರುತು ಹಿಡಿಯಲಿಲ್ಲ. ಇದನ್ನು ಹೇಳಿದರೆ ಅದೂ ಕಥೆ ಎಂದು ನಕ್ಕರು. ಜೀವಮಾನವಿಡೀ ಸುಳ್ಳುಗಳಿಗೆ ಊಟ ಹಾಕಿ ಬೆಳೆಸಿದವನು ನಾನು. ಒಂದು ಸತ್ಯಕ್ಕೆ ಮನೆಯಲ್ಲಿ ಜಾಗ ಇಲ್ಲವೆಂದರೆ ಹೇಗೆ?

ಎಂಟನೇ ದಿನ ಸಿಸ್ಟರ್ ತಾವೇ ಬಂದು ಮುನ್ನೂರ ಆರರ ಬಾಗಿಲಿನಲ್ಲಿ ನಿಂತರು. ಕೈಯಲ್ಲಿ ವಾಚು. ಹನ್ನೆರಡು ನಿಮಿಷವೂ ಅಲ್ಲಿಂದ ಕದಲಲಿಲ್ಲ. ಗಾಜಿನಲ್ಲಿ ನೀಲಿ ಬೆಳಕು ಅವರ ಕನ್ನಡಕದ ಮೇಲೆ ಬೀಳುತ್ತಿತ್ತು. ದೀಪ ಆರಿತು. ಟ್ಯಾಬು ನೋಡಿದರು. ಕೆಂಪು.

ಸಿಸ್ಟರಿನ ಮುಖದಲ್ಲಿ ಮೊದಲ ಸಲ ಅನುಮಾನ ನನ್ನಿಂದ ಇಳಿದು ಗೋಡೆಯ ಕಡೆಗೆ ಹೋದದ್ದನ್ನು ನಾನು ಕಂಡೆ.

ಮಾರನೆಯ ದಿನ ಅವರು ಎಲ್ಲಿಂದಲೋ ಒಂದು ಕಟ್ಟು ಕಾರ್ಡು ತಂದರು. ಕುವೈತಿನಲ್ಲಿ ಅವರು ಇದನ್ನೇ ಉಪಯೋಗಿಸುತ್ತಿದ್ದರಂತೆ. ಬಸ್ಸಿನ ಟಿಕೇಟಿನಷ್ಟು ಕಾರ್ಡು, ನಡುವೆ ಹಳದಿ ಬೊಟ್ಟು. ಆ ಕಾಣದ ಬೆಳಕು ಬೇಕಾದಷ್ಟು ಬಿದ್ದರೆ ಹಳದಿ ಹೋಗಿ ಗುಲಾಬಿ ಆಗುತ್ತದೆ. ಮೂರು ಡಬ್ಬಿಗಳ ಪಕ್ಕದಲ್ಲಿ ಮೂರು ಕಾರ್ಡು ಅಂಟಿಸಿ ದೀಪ ಹಾಕಿದೆವು. ಬಾಗಿಲು ತೆಗೆದಾಗ ಮೂರೂ ಗುಲಾಬಿ. ಟ್ಯಾಬಿನಲ್ಲಿ ಮೂರೂ ಕೆಂಪು. ಬೇರೆ ಕೋಣೆಯಲ್ಲಿ ಮಾಡಿದೆವು. ಹಾಗೆಯೇ.

"ನಿನ್ನದು ತಪ್ಪಿಲ್ಲ ಮುದ್ದು. ಡಬ್ಬಿಯೇ ಹಾಳು" ಎಂದರು ಸಿಸ್ಟರ್.

ಒಂಬತ್ತು ದಿನ ಕಾದಿದ್ದ ಮಾತು. ನನಗೆ ಕುಣಿಯಬೇಕು ಅನಿಸಿತು, ಕೈಯಲ್ಲಿ ಮಾಪು ಇದ್ದದ್ದರಿಂದ ಅದನ್ನೇ ಸ್ವಲ್ಪ ಕುಣಿಸಿದೆ. ಸಿಸ್ಟರ್ ಎಲ್ಲ ಡಬ್ಬಿಗಳನ್ನೂ ಕಿತ್ತು ವಾಪಸು ತೆಗೆದುಕೊಂಡು ಹೋಗಿ ಎಂದು ಕಂಪೆನಿಗೆ ಕಾಗದ ಬರೆಯಲು ಕುಳಿತರು. ಶೆರ್ವಿನನ್ನೂ ಕರೆಸಿದರು. ಉಳಿದ ಕೋಣೆಗಳಲ್ಲಿಯೂ ಕಾರ್ಡು ಹಾಕಿ ನೋಡು ಎಂದು ನನಗೆ ಹೇಳಿದರು, ಕಾಗದದ ಜೊತೆ ಇಡಲು.

ಮುನ್ನೂರ ನಾಲ್ಕರ ಬಾತ್‌ರೂಮಿನ ಬಾಗಿಲಿನ ಮೇಲೆ ಗೋಡೆ ಒದ್ದೆ. ಕಾರ್ಡು ನಿಲ್ಲಲೇ ಇಲ್ಲ, ಜಾರಿ ಜಾರಿ ಬಿತ್ತು. ನಾನು ಅಗಲದ ಸೆಲ್ಲೋ ಟೇಪು ತಂದು ಕಾರ್ಡಿನ ಮೇಲಿನಿಂದಲೇ ಎಳೆದು ಅಂಟಿಸಿದೆ. ಹನ್ನೆರಡು ನಿಮಿಷ ಕಳೆದು ಬಂದು ನೋಡಿದರೆ ಹಳದಿ ಬೊಟ್ಟು ಅರ್ಧ ಗುಲಾಬಿ ಆಗಿದೆ, ಅರ್ಧ ಹಳದಿಯಾಗಿಯೇ ಉಂಟು. ಟೇಪಿನ ಅಡಿಯಲ್ಲಿ ಇದ್ದದ್ದು ಹಳದಿ. ನಡುವೆ ಸ್ಕೇಲು ಇಟ್ಟು ಗೀರಿದ ಹಾಗೆ ಗೆರೆ.

ಅದನ್ನು ಹಿಡಿದುಕೊಂಡು ಏಣಿಯ ಮೇಲೆ ನಿಂತೇ ಇದ್ದೆ. ಕಾರ್ಡಿನಿಂದ ಅರ್ಧ ಗೇಣು ಆಚೆ ಡಬ್ಬಿ ತನ್ನ ಪ್ಲಾಸ್ಟಿಕ್ ಅಂಗಿಯೊಳಗಿನಿಂದ ನನ್ನನ್ನು ನೋಡುತ್ತಿತ್ತು.

ನನಗೆ ಓದು ಇಲ್ಲ, ಆದರೆ ಇಷ್ಟು ತಿಳಿಯಲು ಓದು ಬೇಡ. ತಿಳಿಯಾದ ಪ್ಲಾಸ್ಟಿಕ್ಕಿನಲ್ಲಿ ನಮಗೆ ಎಲ್ಲ ಕಾಣುತ್ತದೆ. ಆ ಬೆಳಕಿಗೆ ಅದು ಗೋಡೆ. ಒಂಬತ್ತು ದಿನ ನನ್ನನ್ನು ಸುಳ್ಳುಗಾರ ಮಾಡಿದ್ದು ಡಬ್ಬಿಯಲ್ಲ, ನಾನೇ ನನ್ನ ಕೈಯಾರೆ ಅದರ ಕಣ್ಣು ಕಟ್ಟಿದ್ದು.

ಕಾರ್ಡನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡೆ. ಏಣಿ ಮಡಿಸಿದೆ. ತಲೆ ಎಂಥದೋ ಲೆಕ್ಕ ಹಾಕುತ್ತಿತ್ತು. ಸುಮ್ಮನಿದ್ದರೆ ಡಬ್ಬಿಗಳು ಹೋಗುತ್ತವೆ, ರಿಜಿಸ್ಟರ್ ಬರುತ್ತದೆ, ಕೀ ನನ್ನ ಸೊಂಟದಲ್ಲೇ ಇರುತ್ತದೆ, ಮುದ್ದು ಸತ್ಯ ಹೇಳಿದ್ದ ಎಂದು ಇಡೀ ಮೂರನೇ ಮಾಳಿಗೆ ಒಪ್ಪುತ್ತದೆ. ಚೀಲಗಳನ್ನು ಮೆಲ್ಲಗೆ ತೆಗೆದು ಕಿಸೆಗೆ ತುಂಬಿದರೆ ಆಯಿತು. ಅಷ್ಟು ಸುಲಭದ ಸುಳ್ಳು ನನ್ನ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಬಾಯಿ ತೆಗೆಯುವುದೂ ಬೇಡ.

ನರ್ಸುಗಳು ಕೂರುವಲ್ಲಿಗೆ ಬಂದಾಗ ಶೆರ್ವಿನ್ ಅಲ್ಲಿದ್ದ. ಮಳೆಯಲ್ಲಿ ನೆನೆದಿದ್ದ. ಫೋನಿನಲ್ಲಿ ಮೇಲಿನವರ ಹತ್ತಿರ ಕೊಂಕಣಿಯಲ್ಲಿ ಮಾತಾಡುತ್ತಿದ್ದ. ಮಾತಾಡುತ್ತಿದ್ದದ್ದು ಎಂದರೆ ವ್ಹಯ್ ಸರ್, ವ್ಹಯ್ ಸರ್ ಎಂದು ಹೌದು ಹಾಕುವುದು, ಅಷ್ಟೆ. ಇಟ್ಟ ಮೇಲೆ ನನ್ನನ್ನು ನೋಡಿ ನಗಲು ಪ್ರಯತ್ನಿಸಿದ. ಇದು ವಾಪಸು ಹೋದರೆ ನಾನೂ ವಾಪಸು ಅಂಕಲ್, ಪುನಃ ದುಬೈ ಎಂದ. ಸಿಸ್ಟರ್ ಕಾಗದದ ಕೊನೆಯ ಸಾಲು ಬರೆಯುತ್ತಿದ್ದರು.

"ಕಾಗದ ಕಳಿಸ್ಬೇಡಿ ಸಿಸ್ಟರ್" ಎಂದೆ.

ಅವರು ಪೆನ್ನು ನಿಲ್ಲಿಸಿದರು. ನಾನು ಶುರು ಮಾಡಿದೆ. ಕಾಟಿಪಳ್ಳದ ಗಾಳಿ ಎಂಥದ್ದು, ನಮ್ಮ ರಿಮೋಟು ಎಷ್ಟು ವರ್ಷ ಬಾಳಿತು, ನನ್ನ ಭಾವ ಒಂದು ಮಳೆಗಾಲದಲ್ಲಿ ಬೈಕನ್ನು ಹೊರಗೆ ಬಿಟ್ಟು ಮಳೆ ನಿಂತಾಗ ಹ್ಯಾಂಡಲ್ ಮಾತ್ರ ಉಳಿದದ್ದು...

"ಸಣ್ಣದು ಮಾಡು ಮುದ್ದು."

ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟೆ. "ಆ ಪ್ಲಾಸ್ಟಿಕ್ ಹಾಕಿದ್ದು ನಾನು. ಅದ್ರಲ್ಲಿ ಬೆಳಕು ಹೋಗುದಿಲ್ಲ."

ಶೆರ್ವಿನ್ ನಾನು ಬಿಚ್ಚಿ ತಂದಿದ್ದ ಒಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಗೆ ಹಿಡಿದ. ಕದ್ರಿ ಗುಡ್ಡೆಯ ಮರಗಳು ಅದರಲ್ಲಿ ಎಲೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತಿದ್ದವು.

"ಎಲ್ಲ ಕಾಣ್ತದಲ್ಲಾ ಅಂಕಲ್?"

"ನಿಂಗೆ ಕಾಣ್ತದೆ ಮಾರಾಯ."

ಸಿಸ್ಟರ್ ಎರಡು ಸಲ ಕಾರ್ಡಿನ ಗೆರೆಯ ಮೇಲೆ ಉಗುರು ಎಳೆದರು. ಆಮೇಲೆ ಎದ್ದು ಮುನ್ನೂರ ಆರಕ್ಕೆ ನಡೆದರು. ಒಂದು ಡಬ್ಬಿಯ ಚೀಲ ತೆಗೆಸಿದರು, ಎರಡರದ್ದು ಹಾಗೆಯೇ ಇರಿಸಿದರು. ದೀಪ ಹಾಕಿದೆ. ಮೂವರೂ ಬಾಗಿಲಿನ ಹೊರಗೆ ನಿಂತೆವು. ಟ್ಯಾಬಿನಲ್ಲಿ ಒಂದು ಡಬ್ಬಿ ಹಸಿರಾಯಿತು. ಎರಡು ಸೊನ್ನೆಯಲ್ಲಿಯೇ ನಿಂತವು.

ನಾನೂ ನೋಡಿದ್ದೆ ಸಿಸ್ಟರ್, ಒಳ್ಳೆಯದು ಎಂದು ಹೊಗಳಿದ್ದೆ ಎಂದು ಶೆರ್ವಿನ್ ತಲೆ ತಗ್ಗಿಸಿ ಹೇಳಿದ. ಕ್ಯಾಮರಾದ ಮೇಲೆ ಪ್ಲಾಸ್ಟಿಕ್ಕಿನ ಗುಮ್ಮಟ ಇರುತ್ತದೆ, ಅದೇ ಅಭ್ಯಾಸ ಎಂದ. ಅದು ಕಂಪೆನಿಯಿಂದಲೇ ಬಂದ ಕವರು ಎಂದು ನಾನೂ ತಿಳಿದಿದ್ದೆ ಎಂದರು ಸಿಸ್ಟರ್. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಹೊತ್ತು ನಿಮ್ಮ ತಲೆ ತಿನ್ನುತ್ತಿರಲಿಲ್ಲ.

ವಾಪಸು ಬಂದು ಕುಳಿತು ಸಿಸ್ಟರ್ ಟ್ಯಾಬು ತೆಗೆದರು. ಒಂಬತ್ತು ದಿನದ ಕೆಂಪು ಸಾಲು ಸಾಲಾಗಿ ಇತ್ತು. ಪ್ರತಿ ಸಾಲಿನ ಮುಂದೆ ಕಾರಣ ಬರೆಯಬೇಕಂತೆ, ದೊಡ್ಡ ಡಾಕ್ಟರು ನೋಡುತ್ತಾರಂತೆ.

"ನಿನ್ನೆ ನಾನು ನಿಂತು ನೋಡಿದ್ದೇನೆ. ಇವತ್ತು ಕಾರ್ಡು ಉಂಟು. ಅದ್ರ ಹಿಂದಿನ ಏಳು ದಿನಕ್ಕೆ ಎಂತದೂ ಇಲ್ಲ, ನಿನ್ನ ಬಾಯಿಮಾತು ಮಾತ್ರ. ಇಪ್ಪತ್ತಮೂರು ಕೋಣೆ. ಎಲ್ಲದಕ್ಕೂ ಹನ್ನೆರಡು ನಿಮಿಷ ಹಾಕಿದ್ಯಾ?"

ಹಾಕಿದ್ದೇನೆ ಎಂಬ ಒಂದೇ ಮಾತನ್ನು ನಾನು ಒಂಬತ್ತು ದಿನದಿಂದ ಊರಿಡೀ ಹೊತ್ತು ತಿರುಗಿದ್ದೆ. ಅದು ನಾಲಿಗೆಯ ತುದಿಯಲ್ಲಿಯೇ ಇತ್ತು. ಆದರೆ ಸಿಸ್ಟರ್ ನನ್ನನ್ನು ನೋಡುತ್ತಿದ್ದ ರೀತಿ ಬೇರೆ ಇತ್ತು. ಈ ಸಲ ಅವರು ನಂಬಲು ತಯಾರಾಗಿ ಕುಳಿತಿದ್ದರು. ನಂಬಲು ಕುಳಿತವರ ಎದುರು ಮಾತಾಡಿ ನನಗೆ ಅಭ್ಯಾಸವೇ ಇಲ್ಲ.

"ಇಪ್ಪತ್ತೆರಡಕ್ಕೆ ಹಾಕಿದ್ದೇನೆ" ಎಂದೆ. "ಬುಧವಾರ ಮುನ್ನೂರ ಹನ್ನೊಂದಕ್ಕೆ ಐದೇ ನಿಮಿಷ. ಕೆಳಗಿಂದ ಬೆಡ್ಡು ಬೆಡ್ಡು ಅಂತ ಫೋನು ಬರ್ತಾ ಇತ್ತು. ಹೇಗೂ ಕೆಂಪೇ ಬರ್ತದೆ ಅಂತ ಬಂದ್ ಮಾಡಿದೆ."

ಶೆರ್ವಿನ್ ನನ್ನ ಕಾಲು ತುಳಿದ. ತಡವಾಗಿತ್ತು.

ಸಿಸ್ಟರ್ ಮೊದಲು ವಾರ್ಡಿಗೆ ಫೋನು ಮಾಡಿ ಮುನ್ನೂರ ಹನ್ನೊಂದರ ರೋಗಿ ಹೇಗಿದ್ದಾರೆ ಎಂದು ಕೇಳಿದರು. ಆ ಕೋಣೆಯನ್ನೂ ಕೆಂಪಿನ ಲೆಕ್ಕದಲ್ಲಿ ನಾವು ಕೈಯಲ್ಲಿ ಉಜ್ಜಿದ್ದೆವು. ರೋಗಿ ಗುಣವಾಗಿ ಮೊನ್ನೆಯೇ ಮನೆಗೆ ಹೋಗಿದ್ದರು. ಆಮೇಲೆ ಸಿಸ್ಟರ್ ಬರೆಯಲು ಕುಳಿತರು. ಇಪ್ಪತ್ತೆರಡು ಸಾಲುಗಳ ಮುಂದೆ ದೀಪ ಹಾಕಲಾಗಿದೆ, ಸೆನ್ಸರಿಗೆ ಕವರು ಇತ್ತು ಎಂದು ಒಂದೊಂದಾಗಿ ಬರೆದು ಕೆಳಗೆ ತಮ್ಮ ಹೆಸರು ಹಾಕಿದರು. ಮುನ್ನೂರ ಹನ್ನೊಂದರ ಮುಂದೆ ಪೂರ್ತಿ ಹಾಕಿಲ್ಲ ಎಂದು ಬರೆದರು. ಕೈ ಚಾಚಿದರು.

"ಕೀ ಕೊಡು."

"ಇಪ್ಪತ್ತೆರಡು ನಂಬಿದ್ರಲ್ಲಾ ಸಿಸ್ಟರ್?"

"ನಂಬಿದ್ದೇನೆ. ಅದಕ್ಕೇ ಇಪ್ಪತ್ತಮೂರನೇದನ್ನೂ ನಂಬ್ಬೇಕಾಯ್ತು. ಒಂದು ತಿಂಗಳು ಲಾಂಡ್ರಿ."

ಇದು ಯಾವ ನ್ಯಾಯ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ತಿಮಿಂಗಿಲದ ಬೆನ್ನು ಹತ್ತಿದ್ದಕ್ಕೆ ಯಾರೂ ಏನೂ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ನೆಲಮಾಳಿಗೆಗೆ ಇಳಿಸಿದರು. ಲಾಂಡ್ರಿಯಲ್ಲಿ ಎಷ್ಟು ಸೆಕೆ ಎಂದರೆ ಬೆಳಿಗ್ಗೆ ತಂದ ಹಸಿ ಬಂಗುಡೆ ಮೀನು ಮಧ್ಯಾಹ್ನಕ್ಕೆ ತಾನಾಗಿಯೇ ಫ್ರೈ ಆಗುತ್ತದೆ. ಬೆಡ್‌ಶೀಟು ಮಡಿಸು, ಬೆಡ್‌ಶೀಟು ಮಡಿಸು. ಸೊಂಟದಲ್ಲಿ ಕೀ ಇಲ್ಲದೆ ಪ್ಯಾಂಟು ಕೂಡ ಸರಿಯಾಗಿ ನಿಲ್ಲುವುದಿಲ್ಲ. ಹೆಂಡತಿಗೆ ಇನ್ನೂ ಹೇಳಿಲ್ಲ.

ಮೂರನೇ ದಿನ ಹತ್ತು ಗಂಟೆಯ ಹೊತ್ತಿಗೆ ರೈಹಾನಾಳ ಫೋನು ಬಂತು. ಮೆಲ್ಲನೆ ಮಾತಾಡುತ್ತಿದ್ದಳು.

"ಮುದ್ದಣ್ಣ, ಮುನ್ನೂರ ಏಳು ಕೆಂಪು ಬಂತು. ಒಂದೇ ಡಬ್ಬಿ, ಕಿಟಕಿದು. ನಾನು ಹಾಕಿದ್ದೇನೆ, ಆಣೆಗೂ ಹನ್ನೆರಡು ನಿಮಿಷ ಹಾಕಿದ್ದೇನೆ. ಸಿಸ್ಟರ್ ಈಗ ಬರ್ತಾರೆ, ನಾನು ಎಂತ ಹೇಳುದು?"

ಒಂಬತ್ತು ದಿನ ನಾನು ಹೇಳಿದ ಮಾತೇ ಅದು.

"ಕರ್ಟನ್ ಪೂರ್ತಿ ಸರಿಸಿದ್ಯಾ?"

ಆ ಕಡೆಯಿಂದ ಕಂಬಿಯ ಮೇಲೆ ಉಂಗುರಗಳನ್ನು ಎಳೆದ ಶಬ್ದ.

"ಈಗ ಸರಿಸಿದೆ."

"ಪುನಃ ಹಾಕು. ಕರ್ಟನ್ ಅಡ್ಡ ಇತ್ತು ಅಂತ ಸಿಸ್ಟರಿಗೆ ನೀನೇ ಮೊದಲು ಹೇಳಿ ಬಿಡು."

"ಹೇಳಿದ್ರೆ ನನ್ನನ್ನೂ ಕೆಳಗೆ ಕಳಿಸ್ತಾರಾ?"

ಹೇಳು, ನೋಡುವ ಎಂದೆ. ಅವಳು ಫೋನು ಇಟ್ಟಳು. ಮಡಿಸುತ್ತಿದ್ದ ಬೆಡ್‌ಶೀಟನ್ನು ಅರ್ಧದಲ್ಲಿ ಬಿಟ್ಟು ಲಾಂಡ್ರಿಯ ಗೋಡೆ ಗಡಿಯಾರದ ಎದುರು ನಿಂತೆ. ಹತ್ತು ಹೊಡೆದು ಆರು ನಿಮಿಷ. ಹದಿನೆಂಟು ಆಗುವವರೆಗೆ ನನ್ನನ್ನು ಯಾರೂ ಮಾತಾಡಿಸಬಾರದು.